ಎರಡು ಕೊಟೇಶನ್

ಪೀಣ್ಯ ಎರಡನೇ ಹಂತ, ಹದಿನಾಲ್ಕನೇ ಕ್ರಾಸು.
ಮೇಜಿನ ಮೇಲೆ ಎರಡು ಕೊಟೇಶನ್,
ಹಾರದಿರಲೆಂದು ಮೇಲೊಂದು ಹಳೇ ಬೇರಿಂಗು.

ಹಳದಿ ತೋಳು ಹತ್ತು ಕಿಲೋ ಎತ್ತುತ್ತದೆ,
ಬ್ರಾಕೆಟ್ಟಿಗೆ ಎಂಟೇ ಸೆಕೆಂಡು.
ಸುತ್ತ ಬೇಲಿ ಬೇಕು, ಬಾಗಿಲಿಗೆ ಬೀಗ ಬೇಕು,
ಥೇಟ್ ಹಾಯುವ ಹೋರಿ.
ಬಿಳಿಯದು ಐದು ಕಿಲೋ, ಹದಿಮೂರು ಸೆಕೆಂಡು,
ಮೈ ತಗುಲಿದರೆ ನಿಲ್ಲುತ್ತದಂತೆ.

ಅಂತೆ ಏನು, ತೋರಿಸ್ತೀನಿ ಬನ್ನಿ ಮೇಡಂ ಎಂದು
ಮಾರುವ ಹುಡುಗ ಬೊಮ್ಮಸಂದ್ರಕ್ಕೆ ಕರೆಸಿಕೊಂಡ.
ಜಬೀವುಲ್ಲಾ ಜೊತೆಗೆ ಬಂದ.
ಇಪ್ಪತ್ತೆರಡು ವರ್ಷದಿಂದ ನಮ್ಮ ಪ್ರೆಸ್ಸು
ಅವನ ಮಾತು ಕೇಳುತ್ತದೆ,
ಒಂದು ದಿನ ಬಿಟ್ಟು.

ತೋಳು ಬಾಗುವ ದಾರಿಗೆ
ಎಡಗೈ ಚಾಚಿದ, ಮೂರು ಬೆರಳಿನದು.
ತಗುಲಿತು. ನಿಂತಿತು,
ಹಸು ಮೂಸಿ ನಿಂತ ಹಾಗೆ.
ಅವನು ಕೈ ತೆಗೆಯಲಿಲ್ಲ.
ಹುಡುಗ ನಕ್ಕ, ಸಾಕು ಸಾರ್ ಎಂದ,
ಗಡಿಯಾರ ನೋಡಿದ,
ಆಮೇಲೆ ನೆಲ ನೋಡಿದ.

ವಾಪಸು ಬರುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಜಬೀ ಹೇಳಿದ್ದು ಇಷ್ಟೇ:
ಹಳದೀದೇ ತಗೊಳ್ಳಿ ಮೇಡಂ,
ಇದು ನಿಧಾನ, ಆರ್ಡರ್ ಮುಟ್ಟಲ್ಲ.

ರಾತ್ರಿ ಲೆಕ್ಕಕ್ಕೆ ಕೂತಿದ್ದೇನೆ.
ಹದಿಮೂರರಲ್ಲಿ ಎಂಟು ಕಳೆದರೆ ಐದು.
ದಿನಕ್ಕೆ ಮೂರು ಸಾವಿರ ಬ್ರಾಕೆಟ್ಟು,
ಬ್ಯಾಂಕಿನ ಮೂವತ್ತಾರು ಕಂತು.
ಬೇಲಿ ಹಾಕಿದ ಮೇಲೆ ಜಬೀ ಎಲ್ಲಿ ನಿಲ್ಲುತ್ತಾನೆ
ಎಂದು ಬರೆಯಲು ಕಾಲಮ್ಮಿಲ್ಲ.

ಬೇರಿಂಗು ಎತ್ತಿ ಬೆರಳಲ್ಲಿ ತಿರುಗಿಸುತ್ತೇನೆ.
ಸವೆದಿದೆ, ಆದರೂ ತಿರುಗುತ್ತದೆ.
ಫ್ಯಾನಿನ ಗಾಳಿಗೆ ಒಂದು ಹಾಳೆ ಕೆಳಗೆ ಬಿತ್ತು.
ಯಾವುದೆಂದು
ಇನ್ನೂ ಬಗ್ಗಿ ನೋಡಿಲ್ಲ.