ಗೇಣುದ್ದದ ತಕರಾರು

ಹದಿನೇಳಡಿ ಉದ್ದದ ಗಾಲಿಮನೆಯಲ್ಲಿ
ನಾವಿಬ್ಬರು ಅಕ್ಕತಂಗಿ, ಒಂದು ಒಲೆ, ಎರಡು ಮಂಚ,
ಎಲ್ಲಿಟ್ಟರೂ ಅಡ್ಡ ಬರುವ ಒಂದು ಬಕೆಟ್ಟು.
ಕಾಫಿ ಡಬ್ಬ ಬೇಕೆಂದರೆ ಕಂಬಳಿ ಎತ್ತಬೇಕು,
ಕಂಬಳಿ ಎತ್ತಲು ಬಕೆಟ್ಟು ಸರಿಸಬೇಕು,
ಬಕೆಟ್ಟು ಸರಿಸಲು
ಮಾರ್ವೆಲ್ ಹೊರಗೆ ಹೋಗಿ ಚಳಿಯಲ್ಲಿ ನಿಲ್ಲಬೇಕು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ಕಾಲೇ ಉದ್ದ ಇಟ್ಟುಕೊಂಡು ಹುಟ್ಟಿದವಳು ಏನು ಮಾಡಬೇಕು?

ಉತ್ತರ ಡಕೋಟಾದಲ್ಲಿ ಬೀಟ್ ಕೊಯ್ಲಿನ ಕಡೆಯ ವಾರ.
ರಾತ್ರಿಪಾಳಿಯಲ್ಲಿ ಲಾರಿಗಳಿಗೆ ಕೈಬೀಸಿ ಬೀಸಿ
ತೋಳು ಮರಗಟ್ಟಿತ್ತು. ಬೂಟಿಗಂಟಿದ ಕರಿಮಣ್ಣು
ಒಳಗೆ ಬಂದು ನಮ್ಮ ಜೊತೆಗೇ ಮಲಗುತ್ತಿತ್ತು.
ಭಾನುವಾರ ಬಿಸಿಲು ಜಾಸ್ತಿಯೆಂದು ಕೆಲಸ ನಿಲ್ಲಿಸಿದರು;
ಬೆಚ್ಚಗಾದ ಗೆಡ್ಡೆ ರಾಶಿಯೊಳಗೆ ಕೊಳೆಯುತ್ತದಂತೆ.
"ಇಡೆಲ್ಲಾ, ಆ ಹಲಗೆ ತಗೋ," ಅಂದಳು ಅಕ್ಕ.

ಮುಚ್ಚಿದ ಶಾಲೆಯ ಹರಾಜಿನಲ್ಲಿ
ನಾಲ್ಕು ಡಾಲರಿಗೆ ಬಂದ ಆಟದಂಗಳದ ಬೆಂಚು ಅದು.
ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು,
ಅಡಿಯಲ್ಲಿ ಕಲ್ಲಾದ ಚ್ಯೂಯಿಂಗ್ ಗಮ್ಮಿನ ಗುಪ್ಪೆಗಳು,
ಯಾರ್ಯಾರ ಹಲ್ಲಿನ ಗುರುತೋ.
ಕೆರೆಯಲು ಚಾಕು ತೆಗೆದೆ.
"ಇರಲಿ ಬಿಡು, ಅವರೂ ಬರಲಿ."

ಗೋಡೆಯೋ, ಬಿಸ್ಕತ್ತಿನಂಥ ಗೋಡೆ.
ಸ್ಕ್ರೂ ತಿರುಗುತ್ತದೆ, ಕಚ್ಚುವುದಿಲ್ಲ.
ಕಿವಿಯಿಟ್ಟು ಬೆರಳಗೆಣ್ಣಿನಿಂದ ತಟ್ಟುತ್ತ ಹೋದೆ
ಡೊಳ್ಳು, ಡೊಳ್ಳು, ಡೊಳ್ಳು,
ಇದ್ದಕ್ಕಿದ್ದಂತೆ ಗಟ್ಟಿ.
ಒಳಗೊಂದು ಎಲುಬು. ಅಲ್ಲಿ ಪೆನ್ಸಿಲ್ಲಿನ ಗೀಟು.
ಮಾರ್ಚಿಯಲ್ಲಿ ಡಾಕ್ಟರು ನನ್ನ ಬೆನ್ನು ಹೀಗೇ ತಟ್ಟಿದ್ದರು,
ಏನನ್ನೋ ಬರೆದುಕೊಂಡು ಸುಮ್ಮನಾಗಿದ್ದರು.

ಆಮೇಲೆ ಎತ್ತರದ ಜಗಳ.
ಅವಳು ಕೈಯೆತ್ತಿ "ಇಲ್ಲಿ" ಅಂದಳು.
ನಾನು ಕೈಯೆತ್ತಿ "ಇಲ್ಲಿ" ಅಂದೆ.
ನಡುವೆ ಸರಿಯಾಗಿ ಒಂದು ಗೇಣು.
ನನ್ನ ಎತ್ತರಕ್ಕೆ ಹೊಡೆದರೆ ಅವಳ ಹಣೆಗೆ ಏಟು,
ಅವಳ ಎತ್ತರಕ್ಕೆ ಹೊಡೆದರೆ ನನ್ನ ಉಪ್ಪು ಆಕಾಶದ ಪಾಲು.
ಅರವತ್ತೆಂಟು ವರ್ಷದಿಂದ ಇದೇ ಗೇಣು.
ಅಪ್ಪನ ಟ್ರ್ಯಾಕ್ಟರಿನ ಪೆಡಲು ಅವಳ ಕಾಲಿಗೆ ಎಟಕಿತು;
ಕೋಳಿಗೂಡಿನೊಳಗೆ ತೂರಿ ಮೊಟ್ಟೆ ತೆಗೆಯುವುದು ನನ್ನ ಪಾಲಿಗೆ ಬಂತು.
ಮಧ್ಯಕ್ಕೆ ಹೊಡೆಯೋಣವೆಂದು ಯಾರೂ ಅನ್ನಲಿಲ್ಲ.
ಮಧ್ಯಕ್ಕೆ ಹೊಡೆದರೆ
ಅವಳ ಹಣೆಯೂ ಒಡೆಯುತ್ತದೆ, ನನ್ನ ಕೈಯೂ ತಲುಪುವುದಿಲ್ಲ.

ಗರಗಸ ಬಂತು. ಅಂಕೆಯ ನಟ್ಟನಡುವೆ ಕೊಯ್ದೆವು.
ಒಂದು ಅವಳಿಗೆ, ನಾಲ್ಕು ನನಗೆ.
ಡಬ್ಬ ಜಾರದಂತೆ ಅಂಚಿಗೆ ಎರಡು ಬೆರಳಿನ ಪಟ್ಟಿ.
ಹಗುರದ್ದು ಮೇಲೆ, ಭಾರದ್ದು ಕೆಳಗೆ, ಅದೂ ಗಾಲಿಯ ಮುಂದಕ್ಕೆ;
ಹಿಂಬದಿ ತೂಕ ಹೆಚ್ಚಾದರೆ ಬಾಲ ಬೀಸಿ
ಎಳೆಯುವ ಗಾಡಿಯನ್ನೇ ಹಳ್ಳಕ್ಕೆ ಕೆಡವೀತು.
ಬೀಟ್ ತೂಗುವ ಹುಡುಗನನ್ನು ಪುಸಲಾಯಿಸಿ
ಲಾರಿಕಾಟಾದ ಮೇಲೆ ಮನೆಯನ್ನೇ ನಿಲ್ಲಿಸಿದೆವು.
"ಬಂದಾಗಿಗಿಂತ ನಲವತ್ತು ಪೌಂಡು ಜಾಸ್ತಿ.
ಏನು ತುಂಬಿದಿರಿ?" ಎಂದ.
"ಜಾಗ," ಅಂದಳು ಮಾರ್ವೆಲ್.

ಬುಧವಾರ ದಕ್ಷಿಣಕ್ಕೆ, ಅರಿಜೋನಾದ ಬಿಸಿಲಿಗೆ.
ಗಾಲಿ ಉರುಳುವಾಗ ಒಳಗೆ ಯಾರೂ ಕೂರಬಾರದು,
ಹಾಗಾಗಿ ನಾನು ಹೊಡೆದ ಹಲಗೆ
ತನ್ನ ಕೆಲಸ ಮಾಡುವುದನ್ನು ನಾನು ಯಾವತ್ತೂ ನೋಡಲಾರೆ.
ಗುಂಡಿ ಬಂದಾಗಲೆಲ್ಲ
ಇಬ್ಬರೂ ಮಾತು ನಿಲ್ಲಿಸಿ ಬೆನ್ನಿನಿಂದ ಆಲಿಸುತ್ತೇವೆ.

ಇನ್ನೂರು ಮೈಲಿ ಕಳೆದು ಪೆಟ್ರೋಲ್ ಬಂಕಿನಲ್ಲಿ ಬಾಗಿಲು ತೆರೆದೆ.
ಬಕೆಟ್ಟೊಂದು ಉರುಳಿ ಮೂಲೆ ಸೇರಿತ್ತು.
ಉಪ್ಪು ಉಪ್ಪಿನ ಜಾಗದಲ್ಲಿ.
ಕಾಫಿ ಕಾಫಿಯ ಜಾಗದಲ್ಲಿ.
ಅಕ್ಕ ಏನೂ ಹೇಳಲಿಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ,
ಬಾಯಲ್ಲಿದ್ದ ಗಮ್ಮು ತೆಗೆದು,
ನನ್ನ ಹಲಗೆಯ ಅಡಿಗೆ ಹೆಬ್ಬೆರಳಿನಿಂದ ಒತ್ತಿದಳು.