ಏಳನೇ ಕಾಲಂ

ಬಂದ್ಯೋಡಿನ ಅಕ್ಷಯ ಕೇಂದ್ರದಲ್ಲಿ
ಟೋಕನ್ ಹದಿನಾಲ್ಕು.
ಪೂವಕ್ಕ ಬಂದು ಕೂತರು, ಕುರ್ಚಿಯ ತುದಿಗೆ,
ಹಿಂದೆ ಇನ್ಯಾರಿಗೋ ಜಾಗ ಬಿಟ್ಟವರ ಹಾಗೆ.
ಮಡಿಲಲ್ಲಿ ತೊಟ್ಟೆ. ತೊಟ್ಟೆಯೊಳಗೆ ತೊಟ್ಟೆ.
ಅದರೊಳಗೆ ಆಧಾರ್, ರೇಶನ್ ಕಾರ್ಡು,
ಬೀಡಿ ಬ್ರಾಂಚಿನ ಹಳೆಯ ಪಾಸ್‌ಬುಕ್ಕು,
ಮತ್ತೆ, ರಬ್ಬರ್ ಬ್ಯಾಂಡು ಬಿಗಿದು,
ಮೂವತ್ತೊಂದು ವರ್ಷದ ಮನೆತೆರಿಗೆಯ ರಶೀದಿ.

ವಯಸ್ಸಾದವರಿಗೆ ಬಾಡಿಗೆಗೆ ಸಹಾಯವಂತೆ.
ಅರ್ಜಿ ಮಲಯಾಳದಲ್ಲಿ.
ನಾನು ಓದಿ, ಕನ್ನಡ ಮಾಡಿ ಕೇಳುತ್ತೇನೆ,
ಅವರು ತುಳುವಿನಲ್ಲಿ ಹೇಳುತ್ತಾರೆ,
ನಾನು ಮತ್ತೆ ಮಲಯಾಳಕ್ಕೆ ಬಡಿಯುತ್ತೇನೆ.
ಹೀಗೆ ಆರು ಕಾಲಂ ದಾಟಿದೆವು.
ಪ್ರಾಯ ಅರವತ್ತೊಂಬತ್ತು. ಗಂಡ ಐತಪ್ಪ, ತೀರಿಹೋದವರು.
ವಾಸ, ರೇಶನ್ ಅಂಗಡಿ ಹಿಂದಿನ ಲೈನ್ ಕೋಣೆ,
ಬಾಡಿಗೆ ಎರಡು ಸಾವಿರದ ಇನ್ನೂರು, ಕರೆಂಟು ಬೇರೆ.

ಏಳನೆಯದು:
ಸ್ವಂತ ಮನೆ ಉಂಟೋ?
ಎದುರಿಗೆ ಎರಡು ಸಣ್ಣ ಸೊನ್ನೆ,
ಒಂದರ ಪಕ್ಕ ‘ಉಂಡ್’, ಇನ್ನೊಂದರ ಪಕ್ಕ ‘ಇಲ್ಲ’.

“ಇಲ್ಲ್...” ಅಂದರು ಪೂವಕ್ಕ.
ನನ್ನ ಬೆರಳು ‘ಇಲ್ಲ’ದ ಸೊನ್ನೆಯ ಮೇಲೆ.
ಅವರ ಮಾತು ಮುಗಿದಿರಲಿಲ್ಲ:
“ಇಲ್ಲ್ ಉಂಡು ಮಗಾ.”

ತುಳುವಿನ ಮನೆ
ಕನ್ನಡಕ್ಕೂ ಇಲ್ಲ, ಮಲಯಾಳಕ್ಕೂ ಇಲ್ಲ.
ಹದಿನೆಂಟು ವರ್ಷ ಇದೇ ಕುರ್ಚಿಯಲ್ಲಿ ಕೂತು
ಮೂರು ಭಾಷೆ ಒಂದೇ ಬಾಯಲ್ಲಿ ಜಗಿದವನಿಗೆ
ಈ ಕಲ್ಲು ಇವತ್ತೇ ಹಲ್ಲಿಗೆ ಸಿಕ್ಕಿದ್ದು.

ಮನೆ ಪಚ್ಚಂಬಳದ ಕಡೆ. ಮುರಕಲ್ಲಿನದು. ಅವರ ಹೆಸರಿನಲ್ಲೇ.
ದಿನಕ್ಕೆ ಸಾವಿರ ಬೀಡಿ, ಒಂಬತ್ತು ವರ್ಷ,
ಅಷ್ಟಾದ ಮೇಲೆ ಹಂಚು ಏರಿತು.
ಹಂಚು ಏರಿದ ಮೂರನೆಯ ತಿಂಗಳು
ಐತಪ್ಪ ಜಲಜಳನ್ನು ಕರೆದುಕೊಂಡು ಬಂದ.
ಪೂವಕ್ಕ ಬೀಡಿಯ ಗೆರಸೆ, ಕತ್ತರಿ ಎತ್ತಿಕೊಂಡು
ಮೆಟ್ಟಲಿಳಿದರು.
ಅಷ್ಟೇ. ಬಸ್ಸು ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದರು.

ಈಗ ಐತಪ್ಪ ಇಲ್ಲ. ಜಲಜ ಇದ್ದಾಳೆ,
ಎಡಗಡೆ ಪೂರಾ ಬಿದ್ದುಹೋಗಿದೆ.
ಕಿಟಕಿ ಬದಿಯ ಮಂಚದಲ್ಲಿ ಮಲಗಿ
ಬಲಗೈಯಿಂದ ಕಾಗೆ ಓಡಿಸುತ್ತಾಳಂತೆ.

“ಎಬ್ಬಿಸಬಹುದಲ್ಲ ಪೂವಕ್ಕ, ಮನೆ ನಿಮ್ಮದು.”
“ಎಬ್ಬಿಸಿದರೆ ಎದ್ದು ನಿಲ್ಲಬೇಕಲ್ಲ ಅವಳು.”

“ಹಾಗಾದರೆ ಅವಳ ಹೆಸರಿಗೇ ಬರೆದುಕೊಡಿ,
ಆಮೇಲೆ ಅರ್ಜಿ ಹಾಕುವ.”
ನನ್ನನ್ನು ನೋಡಿದರು,
ತೂತು ಬಿದ್ದ ಎಲೆಯನ್ನು ಬೆಳಕಿಗೆ ಹಿಡಿದು
ಬದಿಗಿಡುವ ಹಾಗೆ.
“ಬೀಡಿ ಕಟ್ಟಿದ್ದು ನಾನು.”

“ಮತ್ತೆ? ‘ಇಲ್ಲ’ ಅಂತಲೇ ಒತ್ತಲಾ? ಯಾರು ಬಂದು ನೋಡುತ್ತಾರೆ.”
ರಶೀದಿ ಕಟ್ಟಿನ ರಬ್ಬರ್ ಬ್ಯಾಂಡು ತೆಗೆದರು, ಹಾಕಿದರು,
ತೆಗೆದರು.
“ಈ ಮಾರ್ಚಿನದೂ ಕಟ್ಟಿದ್ದೇನೆ” ಅಂದರು.

ಹಿಂದೆ ಟೋಕನ್ ಹದಿನೈದು ಕೆಮ್ಮಿತು.

‘ಉಂಡ್’ ಒತ್ತಿದೆ.
ಒತ್ತಿದ್ದೇ ತಡ ಕೆಳಗೊಂದು ಪೆಟ್ಟಿಗೆ ತೆರೆದು ಕೇಳಿತು:
ಹಾಗಿದ್ದರೆ ಸಹಾಯ ಏಕೆ?
ನೂರು ಅಕ್ಷರ ಮೀರಬಾರದು.

ಒಂಬತ್ತು ವರ್ಷದ ಹೊಗೆಸೊಪ್ಪಿನ ಘಾಟು, ಮೂರು ತಿಂಗಳ ಸೂರು,
ಕಾಗೆ ಓಡಿಸುವ ಒಂದು ಕೈ,
ಎಲ್ಲ ನೂರಕ್ಕೆ ಹಿಡಿಸಬೇಕು.
ಬರೆದೆ. ಅಳಿಸಿದೆ.
‘ಸವತಿ’ ಎಂದು ಬಾಯೊಳಗೇ ಹೇಳಿಕೊಂಡೆ;
“ಅದು ಬೇಡ” ಅಂದರು.
ಕೊನೆಗೆ ಅವರು ಹೇಳಿದ್ದನ್ನೇ ಮಲಯಾಳಕ್ಕೆ ಇಳಿಸಿದೆ.

ಮನೆ ಉಂಟು. ಅದರಲ್ಲಿ ಜನ ಉಂಟು.

ಅಕ್ಷರ ಬೇಕಾದಷ್ಟು ಉಳಿದಿತ್ತು.

ಓಟಿಪಿ ಬರಲು ಹೊತ್ತು ಹಿಡಿಯಿತು.
ಫೋನು ತೊಟ್ಟೆಯ ತಳದಲ್ಲೆಲ್ಲೋ ಕುಂಯ್ ಅಂದಿತು.
ಆರು ಅಂಕಿಯನ್ನು ಒಂದೊಂದಾಗಿ ಓದಿದರು,
ಕಟ್ಟಿಗೆ ಇಪ್ಪತ್ತೈದು ಎಣಿಸಿ ಹಾಕುವ ದನಿಯಲ್ಲಿ.
ಮೂವತ್ತು ರೂಪಾಯಿ ಕೊಟ್ಟು, ಎದ್ದು,
ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ಕೇಳಿದರು:

“ಇದನ್ನು ಓದುವವರಿಗೆ
ತುಳು ಬರುತ್ತದಾ?”