ಸಲಿಕೆ

ಜುಲೈನಲ್ಲಿ ನಮ್ಮ ಬೆಟ್ಟಕ್ಕೆ
ಯಂತ್ರವೇ ಹಿಮ ಉಗುಳಬೇಕು, ರಾತ್ರಿಯೆಲ್ಲ.
ಬೆಳಗ್ಗೆ ನೀಲಗಿರಿ ಮರಗಳ ನಡುವೆ
ಬ್ಯಾಂಡೇಜು ಸುತ್ತಿದ ಹಾಗೆ ಒಂದೇ ಬಿಳಿ ಪಟ್ಟಿ;
ಮಧ್ಯಾಹ್ನಕ್ಕೆ ಗಂಜಿ.
ಅದರ ಮೇಲೇ ಜಾರುತ್ತೇವೆ, ಟಿಕೆಟ್ಟಿಗೆ ದುಡ್ಡು ತೆತ್ತು,
ಬದಿಯಲ್ಲಿ ಕೆಸರು, ವೊಂಬ್ಯಾಟಿನ ಹೆಜ್ಜೆ.

ಇಷ್ಟನ್ನು ಹೇಳಿದೆ, ಹರಕುಮುರುಕು ಜಪಾನಿಯಲ್ಲಿ,
ಜನವರಿಗೆ ನಾನು ಲಿಫ್ಟ್ ಕಾಯುವ ಮ್ಯೋಕೋದ
ಕಿನುಯೆ ಅಜ್ಜಿಗೆ.
ಅವಳ ಕಿಟಕಿ ಹೂತುಹೋಗಿ ವಾರವಾಗಿತ್ತು.
"ಹಿಮ ಮಾಡುತ್ತೀರಾ? ಕಾಸು ಕೊಟ್ಟು?"
ನಕ್ಕಳು, ನಕ್ಕು ನಕ್ಕು ಕೆಮ್ಮಿದಳು,
ಚಹಾ ಚೆಲ್ಲಿತು.

ಆಮೇಲೆ ಸೂರಿನತ್ತ ನೋಡಿದಳು.
ಹದಿನಾಲ್ಕು ವರ್ಷದ ಕೆಳಗೆ
ಮಾಡಿನ ಹಿಮ ಕೆಡವಲು ಹತ್ತಿದ ಗಂಡ
ಹಿಮದ ಜೊತೆಗೇ ಇಳಿದಿದ್ದ.

ಮೂಲೆಯ ಸಲಿಕೆ ತಂದು ಕೈಗಿಟ್ಟಳು:
"ಬೇಕಾದಷ್ಟು ಒಯ್ಯಿ, ಮಗಾ.
ಬಾಗಿಲ ಹತ್ತಿರದ್ದನ್ನು ಮೊದಲು."